ತಲುಪಿನೊಳಗಿನ ಬಿರುಕು

ಬಿರುಕುಗಣ್ಣು ಎಂಬ ಯಂತ್ರ ಓದುತ್ತಿತ್ತು. ಪರದೆಯ ಮೇಲೆ ಕೋಡಿನ ಸಾಲುಗಳು ನಿಧಾನವಾಗಿ ಮೇಲಕ್ಕೆ ಸರಿಯುತ್ತಿದ್ದವು. ಯಂತ್ರಕ್ಕೆ ಸರಿಯೆನಿಸಿದ ಸಾಲು ಮಸುಕಾಗಿ ಮರೆಯಾಗುತ್ತಿತ್ತು. ಅನುಮಾನ ಬಂದದ್ದು ಕೆಂಪಾಗಿ ಉಳಿದುಕೊಳ್ಳುತ್ತಿತ್ತು. ತುಮಕೂರಿನ ಆ ಪ್ರಯೋಗಾಲಯದಲ್ಲಿ ಜುಲೇಖಾ ಬಾನು ಕೈಕಟ್ಟಿ ಕುಳಿತು ನೋಡುತ್ತಿದ್ದಳು, ತನ್ನ ಮಗುವನ್ನು ಬೇರೆ ಯಾರೋ ಡಾಕ್ಟರು ಪರೀಕ್ಷೆ ಮಾಡುವುದನ್ನು ನೋಡುವ ತಾಯಿಯ ಹಾಗೆ.

ಪರೀಕ್ಷೆಗೆ ಒಳಗಾಗಿದ್ದದ್ದು 'ತಲುಪು'. ಅದೊಂದು ಚಿಕ್ಕ ಪ್ರೋಗ್ರಾಮು. ಅದಕ್ಕೆ ಚಿತ್ರವಿಲ್ಲ, ಬಣ್ಣವಿಲ್ಲ, ಒತ್ತಲು ಗುಂಡಿಗಳಿಲ್ಲ. ಕರಿಯ ಪರದೆಯ ಮೇಲೆ 'ತಲುಪು' ಎಂದು ಟೈಪ್ ಮಾಡಿ, ಯಾವ ಕಡತ, ಯಾವ ವಿಳಾಸ ಎಂದು ಒಂದೇ ಸಾಲಿನಲ್ಲಿ ಬರೆದರೆ ಸಾಕು, ಮಾಹಿತಿ ಈ ಯಂತ್ರದಿಂದ ಆ ಯಂತ್ರಕ್ಕೆ ಹೋಗಿ ಸೇರುತ್ತದೆ. ಎರಡು ಸಾವಿರದ ಅರವತ್ತನೇ ಇಸವಿ ದಾಟುವ ಹೊತ್ತಿಗೆ ಇದು ಮೆಟ್ರೋ ಗಾಡಿಯೊಳಗೂ ಇತ್ತು, ಅಣೆಕಟ್ಟಿನ ತೂಬಿನ ಯಂತ್ರದೊಳಗೂ ಇತ್ತು, ಮಿಕ್ಸಿಯೊಳಗೂ ಇತ್ತು. ಬಳಸುವವರಿಗೆ ಅದರ ಹೆಸರೇ ಗೊತ್ತಿರಲಿಲ್ಲ. ಯಾರು ಬೇಕಾದರೂ ಅದರ ಕೋಡನ್ನು ಓದಬಹುದಿತ್ತು, ತಿದ್ದಿ ಕಳಿಸಬಹುದಿತ್ತು. ಬಂದ ತಿದ್ದುಪಡಿಯನ್ನು ಒಪ್ಪುವ ಅಥವಾ ಬೇಡವೆನ್ನುವ ಹೊಣೆ ಮಾತ್ರ ಜುಲೇಖಾಳದು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡಿ ಉಳಿದ ಹೊತ್ತಿನಲ್ಲಿ ಅವಳು ಸಂಬಳವಿಲ್ಲದೆ ಈ ಕೆಲಸ ಮಾಡುತ್ತಿದ್ದಳು.

ಬಿರುಕು ಹುಡುಕುವ ಯಂತ್ರಗಳೆಂದರೆ ಅವಳಿಗೆ ಬೇಸರ. ಇಲ್ಲದ ದೋಷವನ್ನು ಇದೆಯೆಂದು ನಯವಾದ ಭಾಷೆಯಲ್ಲಿ ವರ್ಣಿಸಿದ ವರದಿಗಳನ್ನು ಓದಿ ಓದಿ ಅವಳ ಕಣ್ಣು ಸೋತಿತ್ತು. ಆದರೆ ಈ ಪ್ರಯೋಗಾಲಯದ ಸಂಶೋಧಕ ಡಾಕ್ಟರ್ ಪದ್ಮರಾಜ ಇಂದ್ರ ಕಟ್ಟಿದ ಬಿರುಕುಗಣ್ಣು ಬೇರೆ ಜಾತಿಯದು. ಅದು ಇಲ್ಲೊಂದು ಬಿರುಕಿದೆ ಎಂದು ಹೇಳಿ ಸುಮ್ಮನಾಗುತ್ತಿರಲಿಲ್ಲ. ಆ ಬಿರುಕಿನಲ್ಲಿ ತಾನೇ ನುಗ್ಗಿ, ಒಳಗಿದ್ದದ್ದನ್ನು ತಂದು ಮುಂದಿಡುತ್ತಿತ್ತು. ಅಲ್ಲಿ ವಾದಕ್ಕೆ ಜಾಗವೇ ಇರಲಿಲ್ಲ.

ಅಂದು ಅದು ಕೆಲವು ಸಣ್ಣಪುಟ್ಟ ದೋಷಗಳನ್ನು ತೋರಿಸಿತು. ಜುಲೇಖಾ ಅಲ್ಲೇ ಕುಳಿತು ಸರಿಪಡಿಸಿದಳು. ಕೊನೆಗೆ ಉಳಿದ ಕೆಂಪು ಸಾಲನ್ನು ನೋಡಿದಾಗ ಅವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು.

"ಇದನ್ನ ಬಿಡಿಸಿ ಹೇಳ್ತೀರಾ ಮೇಡಂ?" ಪದ್ಮರಾಜ ಕೇಳಿದ. ನಲವತ್ತರ ಆಸುಪಾಸಿನ ಅವನಿಗೆ ತನ್ನ ಯಂತ್ರದ ಬಗ್ಗೆ ಗೊತ್ತಿದ್ದಷ್ಟು ಅದು ಓದುವ ಕೋಡಿನ ಬಗ್ಗೆ ಗೊತ್ತಿರಲಿಲ್ಲ.

"ತಲುಪು ಪಾಸ್‌ವರ್ಡ್ ಹಿಡ್ಕೊಂಡು ಒಂದು ಸರ್ವರ್ ಹತ್ರ ಹೋಗುತ್ತೆ. ಆ ಸರ್ವರ್, ನೀನು ಕೇಳಿದ್ದು ಇಲ್ಲಿಲ್ಲ, ಪಕ್ಕದ ಬೀದಿಗೆ ಹೋಗು ಅನ್ನುತ್ತೆ. ಆಗ ತಲುಪು ಪಾಸ್‌ವರ್ಡನ್ನ ಜೇಬಲ್ಲಿಟ್ಕೊಂಡು ಹೋಗುತ್ತೆ, ಗುರುತಿಲ್ಲದವರಿಗೆ ತೋರಿಸಲ್ಲ. ಅದು ಸರಿ. ಆದರೆ ಪಕ್ಕದ ಬೀದಿಯವರೂ ಇನ್ನೊಂದು ಕಡೆ ಹೋಗು ಅಂದ್ರೆ, ಅಲ್ಲಿ ಜೇಬಿಂದ ತೆಗೆದು ಕೊಟ್ಟುಬಿಡುತ್ತೆ. ಎರಡನೇ ಸಲ ತಿರುಗಿಸಿದ್ರೆ ಎಚ್ಚರಿಕೆ ಮರೆಯುತ್ತೆ."

"ಅಂದ್ರೆ ಕಳ್ಳ ಎರಡು ಸಲ ದಾರಿ ತಪ್ಪಿಸಿದ್ರೆ ಸಾಕು."

"ಸಾಕು."

ಬಿರುಕುಗಣ್ಣು ಆ ಬಿರುಕು ಮುಚ್ಚುವ ತೇಪೆಯನ್ನೂ ತಾನೇ ಬರೆದಿತ್ತು. ನಾಲ್ಕಾರು ಪುಟ ಉದ್ದದ ಆ ಕೋಡು ಎಲ್ಲ ಪರೀಕ್ಷೆಗಳನ್ನೂ ಪಾಸು ಮಾಡಿತ್ತು. ಜುಲೇಖಾ ಅದನ್ನು ಮೇಲಿಂದ ಕೆಳಗೆ, ಮತ್ತೆ ಮೇಲಿಂದ ಕೆಳಗೆ ಓದಿದಳು. ತಲೆಬುಡ ಹತ್ತಲಿಲ್ಲ.

"ಇದು ಯಾಕೆ ಸರಿ ಅಂತ ನಿಮಗೆ ಅರ್ಥ ಆಗಿದೆಯಾ ಸರ್?"

ಪದ್ಮರಾಜ ಪ್ರಾಮಾಣಿಕ. "ಇಲ್ಲ. ಸರಿ ಅಂತ ಸಾಬೀತಾಗಿದೆ, ಅಷ್ಟು ಗೊತ್ತು. ಆದರೆ ಮೇಡಂ, ಕಾಯೋಕೆ ಹೊತ್ತಿಲ್ಲ. ಬೇರೆ ದೇಶಗಳಲ್ಲೂ ಇಂಥ ಯಂತ್ರ ಕಟ್ತಾ ಇದ್ದಾರೆ. ನನಗೆ ಕಂಡಿದ್ದು ಅವರಿಗೂ ಕಾಣುತ್ತೆ. ಎಲ್ಲರೂ ಒಳ್ಳೆಯವರಾಗಿರಲ್ಲ."

"ಒಂದು ಬಿರುಕು ಮುಚ್ಚೋ ಮೊದಲು ಅದರಲ್ಲಿ ಯಾರು ಓಡಾಡ್ತಿದ್ದಾರೆ ಅಂತ ನೋಡ್ತೀನಿ. ಅದು ನನ್ನ ಪದ್ಧತಿ," ಅಂದಳು ಜುಲೇಖಾ.

ಹೀಗೆ ಹೇಳಿದವಳೇ ಅವನನ್ನು ಒಂದು ಡಯಾಲಿಸಿಸ್ ಕೇಂದ್ರಕ್ಕೆ ಕರೆದುಕೊಂಡು ಹೋದಳು. ಕಿಡ್ನಿ ಕೆಲಸ ಮಾಡದವರ ರಕ್ತವನ್ನು ಹೊರತೆಗೆದು, ಶುದ್ಧಮಾಡಿ, ಮತ್ತೆ ಮೈಗೆ ಸೇರಿಸುವ ಯಂತ್ರಗಳು ಅಲ್ಲಿ ಸಾಲಾಗಿ ನಿಂತಿದ್ದವು. ಯಾವ ರೋಗಿಗೆ ಎಷ್ಟು ಹೊತ್ತು, ಎಷ್ಟು ನೀರು ತೆಗೆಯಬೇಕು ಎಂಬ ವೈದ್ಯರ ಸೂಚನೆಯನ್ನು ಪ್ರತಿ ಯಂತ್ರವೂ ದೂರದ ಸರ್ವರಿನಿಂದ ತಲುಪಿನ ಮೂಲಕವೇ ತರಿಸಿಕೊಳ್ಳುತ್ತಿತ್ತು. ಕೇಂದ್ರದ ಉಸ್ತುವಾರಿ ಚಂದ್ರಿಕಾ ಜುಲೇಖಾಳ ಹಳೆಯ ವಿದ್ಯಾರ್ಥಿನಿ. ಬಿಡುವಾಗಿದ್ದ ಒಂದು ಯಂತ್ರಕ್ಕೆ ಬಿರುಕುಗಣ್ಣಿನ ತೇಪೆ ಹಾಕಲು ಅವಳು ಒಪ್ಪಿದಳು.

ತೇಪೆ ಹಾಕಿದ್ದೇ ತಡ, ಯಂತ್ರ ನಿಂತಿತು. ಪರದೆಯ ಮೇಲೆ ಸೂಚನೆ ಬರಲಿಲ್ಲ. ನಿಂತದ್ದೇಕೆ ಎಂಬುದೂ ಬರಲಿಲ್ಲ.

"ನಿಮ್ಮ ಸರ್ವರ್ ಎಲ್ಲಿದೆಯಮ್ಮ?" ಜುಲೇಖಾ ಕೇಳಿದಳು.

"ಮೊದಲು ಒಂದು ಕಡೆ ಇತ್ತು ಮೇಡಂ. ಆಮೇಲೆ ಕಟ್ಟಡ ಬದಲಾಯ್ತು, ಆಮೇಲೆ ಕಂಪನಿನೇ ಬದಲಾಯ್ತು. ನಾವು ಇಲ್ಲಿ ಏನೂ ಮುಟ್ಟಲಿಲ್ಲ, ತಾನಾಗೇ ನಡೀತಾ ಇತ್ತು."

ಪದ್ಮರಾಜನಿಗೆ ಆಗ ಹೊಳೆಯಿತು. ಸರ್ವರ್ ಎರಡು ಸಲ ಜಾಗ ಬದಲಿಸಿತ್ತು. ಯಂತ್ರಗಳು ಇನ್ನೂ ಹಳೆಯ ವಿಳಾಸಕ್ಕೇ ಹೋಗಿ, ಅಲ್ಲಿಂದ ಎರಡು ಸಲ ತಿರುಗಿ ಹೊಸದನ್ನು ಸೇರುತ್ತಿದ್ದವು. ಎರಡನೇ ತಿರುವಿನಲ್ಲಿ ತಲುಪು ತಪ್ಪಾಗಿ ಪಾಸ್‌ವರ್ಡ್ ಕೊಟ್ಟುಬಿಡುತ್ತಿದ್ದದ್ದರಿಂದಲೇ ಇಲ್ಲಿ ಕೆಲಸ ಸಾಗುತ್ತಿತ್ತು. ಕಳ್ಳನಿಗೆ ದಾರಿಯಾಗಬಹುದಾದ ಬಿರುಕೇ ಈ ರೋಗಿಗಳಿಗೆ ದಾರಿಯಾಗಿತ್ತು. ಪಕ್ಕದ ಹಾಸಿಗೆಯಲ್ಲಿ ನಿವೃತ್ತ ಬಸ್ ಕಂಡಕ್ಟರ್ ದೊಡ್ಡತಿಮ್ಮಯ್ಯ ಕೈಗೆ ನಳಿಕೆ ಚುಚ್ಚಿಸಿಕೊಂಡು ಮಲಗಿದ್ದ. ನಿಂತ ಯಂತ್ರವನ್ನೂ ಇವರಿಬ್ಬರನ್ನೂ ಒಮ್ಮೆ ನೋಡಿ, "ನನ್ನದಕ್ಕೂ ಹಾಕ್ತೀರಾ ಸಾಮಿ ಇದನ್ನ?" ಎಂದು ಕೇಳಿದ.

"ಇಲ್ಲ, ಇಲ್ಲ. ನೀವು ಮಲಗಿ," ಅಂದ ಪದ್ಮರಾಜ. ನಿಂತ ಯಂತ್ರದ ತೇಪೆಯನ್ನು ಅವನೇ ತೆಗೆದುಹಾಕಿದ.

ವಾಪಸು ಬಂದು ಜುಲೇಖಾ ತನ್ನದೇ ತೇಪೆ ಬರೆಯಲು ಕುಳಿತಳು. ಅದು ಚಿಕ್ಕದು, ಓದಿದವರಿಗೆ ತಿಳಿಯುವಂಥದು. ತಲುಪಿಗೆ ಅದು ಹೇಳುತ್ತಿದ್ದದ್ದು ಇಷ್ಟೇ: ಬಳಸುವವರು ಇಂಥಿಂಥವರನ್ನು ನಂಬಬಹುದು ಎಂದು ಮೊದಲೇ ಹೇಳಿಟ್ಟಿದ್ದ ವಿಳಾಸಕ್ಕೆ ಮಾತ್ರ ಪಾಸ್‌ವರ್ಡ್ ಕೊಡು. ಬೇರೆಯದಾದರೆ ಕೊಡಬೇಡ, ಯಾಕೆ ಕೊಡಲಿಲ್ಲವೆಂದು ತಿಳಿಯುವ ಮಾತಿನಲ್ಲಿ ಹೇಳು. ತೇಪೆಯೇನೋ ಸಿದ್ಧವಾಯಿತು. ಆದರೆ ಅದನ್ನು ಪ್ರಕಟಿಸಿದ ಕೂಡಲೇ ಬಿರುಕು ಎಲ್ಲಿತ್ತೆಂದು ಜಗತ್ತಿಗೇ ತಿಳಿಯುತ್ತದೆ. ಅಷ್ಟರೊಳಗೆ ಇಂಥ ಕೇಂದ್ರಗಳೆಲ್ಲ ತಮ್ಮ ಹೊಸ ವಿಳಾಸವನ್ನು ಯಂತ್ರಗಳಿಗೆ ತಿಳಿಸಿರಬೇಕು. ಒಂದೊಂದು ಕಡೆಗೂ ಫೋನ್ ಮಾಡಿ ಹೇಳಬೇಕು. ಕಾರಣ ಮಾತ್ರ ಹೇಳುವಂತಿಲ್ಲ.

ಇಬ್ಬರೂ ಫೋನ್ ಹಿಡಿದು ಕೂತರು. ಚಂದ್ರಿಕಾ ತನಗೆ ಪರಿಚಯವಿದ್ದ ಕಡೆಗೆಲ್ಲ ಹೇಳಿದಳು. ಕೆಲವರು ತಕ್ಷಣ ಮಾಡಿದರು, ಕೆಲವರು ಗದರಿದರು, ಕೆಲವರು ಫೋನನ್ನೇ ಎತ್ತಲಿಲ್ಲ.

ಇನ್ನೂ ಅರ್ಧ ಕೆಲಸ ಉಳಿದಿರುವಾಗ ನೈರೋಬಿಯಿಂದ ವಂಜಿರು ಎಂಬುವಳ ಸಂದೇಶ ಬಂತು. ಅವಳೂ ಬಿರುಕುಗಣ್ಣಿನಂಥ ಒಂದು ಯಂತ್ರ ಕಟ್ಟಿದ್ದಳು. ಅದೇ ಕೆಂಪು ಸಾಲನ್ನು ಎತ್ತಿ ಬರೆದು, ಕೆಳಗೆ ಇಷ್ಟೇ ಬರೆದಿದ್ದಳು: "ನನಗೂ ಇದು ಕಂಡಿದೆ. ನಿಮಗೆ ಎಷ್ಟು ಸಮಯ ಬೇಕು? ಅಲ್ಲಿಯವರೆಗೆ ನಾನು ಬಾಯಿ ಬಿಡುವುದಿಲ್ಲ."

ಜುಲೇಖಾ "ಎರಡು ವಾರ," ಎಂದು ಬರೆದಳು. ಮುಖ ನೋಡದ ಒಬ್ಬ ಹೆಣ್ಣುಮಗಳು ಬಾಯಿ ಬಿಗಿಹಿಡಿದು ಕೂತದ್ದರ ಮೇಲೆ ಆ ಎರಡು ವಾರ ಅಷ್ಟೂ ಯಂತ್ರಗಳ ಕ್ಷೇಮ ಅವಲಂಬಿಸಿತ್ತು. ಅವಳು ಮಾತು ಉಳಿಸಿಕೊಂಡಳು.

ತೇಪೆ ಪ್ರಕಟವಾದ ದಿನ ದೂರದ ಊರುಗಳಿಂದ ಕೆಲವು ಸಿಟ್ಟಿನ ಪತ್ರಗಳು ಬಂದವು. ಎಲ್ಲೋ ಒಂದೆರಡು ಕಡೆ ನೀರಿನ ಪಂಪು ನಿಂತಿತ್ತು. ಆದರೆ ಯಾಕೆ ನಿಂತೆವೆಂದು ಅವು ಹೇಳಿದ್ದವು. ಅಲ್ಲಿಯವರು ವಿಳಾಸ ತಿದ್ದಿಕೊಂಡರು. ಡಯಾಲಿಸಿಸ್ ಯಂತ್ರ ಯಾವುದೂ ನಿಲ್ಲಲಿಲ್ಲ.

ಆಮೇಲೆ ಬಿರುಕುಗಣ್ಣು ಎಲ್ಲರ ಕೈಗೂ ಬಂತು. ಹಳೆಯ ಪ್ರೋಗ್ರಾಮುಗಳನ್ನೆಲ್ಲ ಓದಿ ಅದು ರಾಶಿರಾಶಿ ಕೆಂಪು ಸಾಲು ತೋರಿಸಿತು. ಕಾಣುವುದು ಸುಲಭವಾಯಿತು. ಪಕ್ಕದಲ್ಲಿ ಕುಳಿತು, ಅರ್ಥಮಾಡಿಕೊಂಡು, ಕೇಳಬೇಕಾದವರನ್ನು ಕೇಳಿ ಮುಚ್ಚುವ ಜನರೇ ಸಿಗಲಿಲ್ಲ.

ಒಂದು ಸಂಜೆ ಪದ್ಮರಾಜ ಅವಳ ಪಾಲಿಟೆಕ್ನಿಕ್ಕಿಗೆ ಬಂದ. ತರಗತಿ ಮುಗಿದಿತ್ತು.

"ತಲುಪಿನಲ್ಲಿ ಆ ಬಿರುಕಿದ್ದ ಸಾಲು ಬರೆದದ್ದು ಯಾರು ಮೇಡಂ? ಗೊತ್ತಾಗುತ್ತಾ?"

"ಗೊತ್ತಾಗುತ್ತೆ. ತಲುಪಿನ ಪ್ರತಿ ಸಾಲಿಗೂ ಹೆಸರು, ತಾರೀಕು ಇರುತ್ತೆ." ಅವಳು ಹುಡುಕಿ ತೋರಿಸಿದಳು. ಯಾರೋ ಅಪರಿಚಿತನ ಹೆಸರು. ಇಸವಿ ಎರಡು ಸಾವಿರದ ಇಪ್ಪತ್ತಾರು. ಭಾನುವಾರ.

"ರಜಾದಿನ ಕೂತು ಬರೆದಿದಾನೆ," ಅಂದಳು ಜುಲೇಖಾ. "ಬರೆದು, ಯಾರಾದ್ರೂ ಒಂದು ಸಲ ನೋಡ್ತೀರಾ ಅಂತ ಕೆಳಗೆ ಕೇಳಿದಾನೆ ಕೂಡ."

"ಯಾರೂ ನೋಡ್ಲಿಲ್ವಾ?"

"ಉತ್ತರ ಇಲ್ಲ."

"ಆಗ ಇಂಥ ಕಣ್ಣು ಇರಲಿಲ್ಲ, ಪಾಪ," ಅಂದ ಪದ್ಮರಾಜ.

"ಕಣ್ಣು ಎಲ್ಲರಿಗೂ ಇತ್ತು ಸರ್. ಆ ಭಾನುವಾರ ಅರ್ಧ ಗಂಟೆ ಯಾರಾದರೂ ಪಕ್ಕದಲ್ಲಿ ಕೂತಿದ್ರೆ ಸಾಕಿತ್ತು."