ತುಟಿ ಹೇಳಿದ್ದು ಬೇರೆ

ಸತ್ತ ನಟ ಪರದೆಯಿಂದ ತನ್ನನ್ನೇ ನೋಡುತ್ತಿದ್ದಾನೆ ಅನ್ನಿಸಿ ಲೊರೆದಾನಳ ಮೈ ಜುಮ್ಮೆಂದಿತು.

ರೋಮಿನ ಹಳೆಯ ಸ್ಟುಡಿಯೋದ ಆ ಪುಟ್ಟ ಚಿತ್ರಮಂದಿರದಲ್ಲಿ ಇದ್ದವರು ಇಬ್ಬರೇ... ಅವಳು, ಮತ್ತು ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವ ಎತ್ತೊರೆ. ಹೊಸ ಕೆಲಸಕ್ಕೆಂದು ಅವಳು ಸಂಜೆಯ ರೈಲಿಗೆ ಟೊರಿನೊಗೆ ಹೊರಡುವವಳಿದ್ದಳು. ಅವನು ಒಂದು ಮಾತು ಹೇಳಿದ್ದರೆ ಉಳಿಯುತ್ತಿದ್ದಳು. ಅವನೋ, ಮೊನ್ನೆ ಮುಖ ಬಿಗಿದುಕೊಂಡು "ಹೋಗು" ಎಂದಿದ್ದ.

ಪರಿಚಯವಾದ ದಿನದಿಂದ ಇಬ್ಬರದೂ ಒಂದೇ ಜಗಳ. ಕಸ್ತಾಲ್ದಿ ದೊಡ್ಡ ನಿರ್ದೇಶಕನೋ, ವೆಸ್ಕೋವಿಯೋ? ಅವಳಿಗೆ ನೋಡುವವರನ್ನು ಮನಸಾರೆ ಅಳುವಂತೆ ಮಾಡುವ ವೆಸ್ಕೋವಿ ಎಂದರೆ ಪ್ರಾಣ. ಅವನಿಗೆ ಕಸ್ತಾಲ್ದಿಯೇ ದೇವರು. ಈ ದೇಶದ ಗಂಡಸರಿಗೆ ಮೌನವಾಗಿ ಪ್ರೀತಿಸಲು ಕಲಿಸಿದ್ದೇ ಆತ ಎಂದು ವಾದಿಸುತ್ತಿದ್ದ. ಹೊರಡುವ ಮೊದಲು ಆತನ ಈ ದೃಶ್ಯವನ್ನೊಮ್ಮೆ ನೋಡು ಎಂದು ಕರೆದಿದ್ದ.

ನಾಯಕ ಪ್ರೇಯಸಿಗೆ "ಹೋಗು, ನೀನು ನನಗೆ ಬೇಡ" ಎನ್ನುವ ಪ್ರಸಿದ್ಧ ದೃಶ್ಯ. ಆ ಕಾಲದಲ್ಲಿ ಶೂಟಿಂಗ್ ಮುಗಿದ ಮೇಲೆ ಬೇರೆ ಯಾರೋ ಬಂದು ಮಾತು ತುಂಬುತ್ತಿದ್ದರು. ಈ ನಟನಂತೂ ಅಷ್ಟರೊಳಗೆ ತೀರಿಕೊಂಡಿದ್ದ.

ಇವತ್ತು ಚಿತ್ರಕ್ಕೆ ದನಿ ಇನ್ನೂ ಜೋಡಿಸಿರಲಿಲ್ಲ. ಇಷ್ಟು ವರ್ಷ ಮಸುಕಾಗಿದ್ದ ತುಟಿಗಳನ್ನು ಎತ್ತೊರೆಯೇ ಫಿಲ್ಮ್ ತೊಳೆದು ತಿಳಿಯಾಗಿಸಿದ್ದ. ಕಿವಿ ಕೇಳದ ತಾಯಿಯ ಮಗಳಾದ ಲೊರೆದಾನಳಿಗೆ ತುಟಿ ಓದುವುದು ನೀರು ಕುಡಿದಷ್ಟು ಸುಲಭ. ಓದಿದಳು... ಥಟ್ಟನೆ ಅವನತ್ತ ತಿರುಗಿದಳು.

"ಎತ್ತೊರೆ, ಅವನು ಹೋಗು ಅಂತಿಲ್ಲ ಕಣೋ."

"ಮತ್ತೆ?"

"ಹೋಗಬೇಡ ಅಂತಿದಾನೆ. ನೀನು ಹೋದ್ರೆ ನಾನು ಉಳಿಯಲ್ಲ ಅಂತಿದಾನೆ."

ಎತ್ತೊರೆ ರೀಲನ್ನು ಮತ್ತೆ ಓಡಿಸಿದ. ಮತ್ತೆ ಅದೇ ಬೇಡಿಕೆ. ನಟ ಬದುಕಿದ್ದಾಗ ಆಡಿದ ಮಾತನ್ನು ಕಸ್ತಾಲ್ದಿ ಕಿತ್ತುಹಾಕಿ, ಸತ್ತವನ ಬಾಯಿಗೆ ಬೇರೆಯವನ ದನಿ ತುರುಕಿದ್ದ.

"ನಿನ್ನ ದೇವರು ದೊಡ್ಡವನೇ ಬಿಡು," ಎಂದಳು ಲೊರೆದಾನ. "ಸತ್ತವನ ಕೈಲೂ ಸುಳ್ಳು ಹೇಳಿಸಿದ. ಬದುಕಿರೋ ನಿನ್ನ ಕೈಲೂ."

ಎತ್ತೊರೆ ಯಂತ್ರ ನಿಲ್ಲಿಸಿದ. ಅದರ ದೀಪ ಆರಿತು. ಆದರೂ ಪರದೆಯ ಮೇಲಿನ ಮುಖ ಹೋಗಲಿಲ್ಲ... ಯಾವುದಕ್ಕೋ ಕಾಯುತ್ತಾ ಅವನನ್ನೇ ನೋಡುತ್ತಿತ್ತು!

"ಹೋಗಬೇಡ," ಎಂದ ಎತ್ತೊರೆ, ಅವಳತ್ತ ತಿರುಗಿ. "ಮೊನ್ನೆ ಸುಳ್ಳು ಹೇಳ್ದೆ. ನೀನಿಲ್ದೆ ಆಗಲ್ಲ ನಂಗೆ."

ಪರದೆಯ ಮುಖ ಮೆಲ್ಲಗೆ ಕರಗಿತು.

ಕತ್ತಲಲ್ಲಿ ಅವಳು ಅವನ ತುಟಿಯ ಮೇಲೆ ಬೆರಳಿಟ್ಟಳು. "ಇನ್ನೊಂದ್ಸಲ ಹೇಳು. ಸರಿಯಾಗಿ ಓದ್ಕೋತೀನಿ."

"ಹೋಗಬೇಡ, ಲೊರೆದಾನ."

"ಹೋಗಲ್ಲ. ಆದ್ರೆ ವೆಸ್ಕೋವಿನೇ ದೊಡ್ಡವನು ಅಂತ ಒಪ್ಕೋ."

"ಒಪ್ಕೊಂಡೆ ಕಣೇ," ಎಂದ. ಅವನ ತುಟಿ ನಗು ತಡೆಯುತ್ತಿದ್ದುದು ಅವಳ ಬೆರಳಿಗೆ ತಿಳಿಯಿತು.