ದುಭಾಷಿ ಹೇಳಿದ ಮೊದಲ ಸುಳ್ಳು

"ಈ ಬೋಳುತಲೆ ಸಾಹೇಬನಿಗೆ ಹೇಳು... ತಲೆಯಿಂದ ಕೂದಲು ಉದುರಿದ ಹಾಗೇ ಎದೆಯಿಂದ ಕರುಣೆಯೂ ಉದುರಿಹೋಗಿದೆ ಅಂತ!"

ಇವೋನೆ ಪೋರ್ಚುಗೀಸಿನಲ್ಲಿ ಕಿರುಚಿದ ರಭಸಕ್ಕೆ ಉದ್ಯೋಗ ಕಚೇರಿಯ ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು.

ಮೇಜಿನ ಆ ಕಡೆ ಅಧಿಕಾರಿ ಸುಗಿಯಾಮ, ಈ ಕಡೆ ಇವೋನೆ. ನಡುವಿನ ಕುರ್ಚಿಯಲ್ಲಿ ದುಭಾಷಿ ಒಸ್ಮಾರ್ ತೆರುಯಾ, ಅವಳ ಹಾಗೇ ಬ್ರೆಜಿಲ್‌ನಿಂದ ಬಂದವನು. ಅವನು ಹುಬ್ಬು ಗಂಟಿಕ್ಕಲಿಲ್ಲ, ನಗಲೂ ಇಲ್ಲ. ಅಧಿಕಾರಿಯ ಕಡೆ ತಿರುಗಿ, ಬೆಣ್ಣೆಯಂಥ ಜಪಾನಿ ಭಾಷೆಯಲ್ಲಿ, ಅಷ್ಟನ್ನೂ ಒಪ್ಪಿಸಿಬಿಟ್ಟ!

ಸುಗಿಯಾಮನ ಕೈ ಮೆಲ್ಲಗೆ ತನ್ನ ತಲೆಯ ಮೇಲೆ ಹೋಯಿತು.

ಕಾರ್ಖಾನೆಯಲ್ಲಿ ಕಲಿತ ಅಷ್ಟಿಷ್ಟು ಜಪಾನಿಯಲ್ಲಿ ಇವೋನೆಗೆ 'ತಲೆ', 'ಕೂದಲು' ಎರಡೂ ಅರ್ಥವಾದವು. ಮುಖ ಕೆಂಡವಾಯಿತು.

"ಏಯ್! ಅದನ್ನೂ ಹೇಳ್ಬಿಟ್ಯಾ?"

"ಹೇಳು ಅಂದ್ರಿ, ಹೇಳ್ದೆ."

"ಬೈಗುಳಾನ ಯಾರಾದ್ರೂ ಹಾಗೇ ದಾಟಿಸ್ತಾರೇನೋ, ಪೆದ್ದ!"

"ಈ ಕುರ್ಚೀಲಿ ಕೂತೋನು ಒಂದು ಮಾತು ಸೇರಿಸ್ಬಾರ್ದು, ಒಂದು ಮಾತು ಬಿಡ್ಬಾರ್ದು. ಅದೇ ನನ್ನ ಕೆಲ್ಸ." ಅವನು ಅವಳ ಕಡೆ ತಿರುಗಿದ. "ಪೆದ್ದ ಅಂದಿದ್ದನ್ನೂ ಹೇಳ್ಲಾ?"

ಅವತ್ತು ಹುಟ್ಟಿದ ದ್ವೇಷ ಅದು!

ಆ ವರ್ಷ ಪ್ರಪಂಚದಲ್ಲಿ ಕಾರು ಕೊಳ್ಳುವವರೇ ಇರಲಿಲ್ಲ. ಜಪಾನಿನ ಹಮಾಮತ್ಸು ಊರಿನ ಕಾರು ಕಾರ್ಖಾನೆಗಳು ಮೊದಲು ಹೊರಗೆ ಹಾಕಿದ್ದು ಬ್ರೆಜಿಲ್‌ನಿಂದ ಬಂದವರನ್ನು. ಇವೋನೆಯ ಅಜ್ಜ ಜಪಾನಿನವನು, ಹೊಟ್ಟೆಪಾಡಿಗೆ ಬ್ರೆಜಿಲ್‌ಗೆ ಹೋದವನು. ಆ ರಕ್ತದ ನಂಟಿನಿಂದಲೇ ಮೊಮ್ಮಗಳಿಗೆ ಇಲ್ಲಿನ ವೀಸಾ. ಹದಿನಾಲ್ಕಕ್ಕೆ ತಾಯಿಯ ಕೈ ಹಿಡಿದು ಬಂದವಳು ಇಲ್ಲೇ ಬೆಳೆದಳು, ತಾಯಿಯನ್ನು ಇಲ್ಲೇ ಮಣ್ಣು ಮಾಡಿದಳು. ಬ್ರೆಜಿಲ್‌ನಲ್ಲಿ ಅವಳನ್ನು ಕಾಯುವ ಒಂದು ಬಾಗಿಲೂ ಉಳಿದಿರಲಿಲ್ಲ.

ಈಗ ಕೆಲಸ ಹೋಗಿತ್ತು. ವೀಸಾ ನವೀಕರಣ ಹತ್ತಿರ ಬಂದಿತ್ತು. 'ಹೇಗೆ ಬದುಕುತ್ತಿದ್ದೀಯ?' ಎಂದು ಕೇಳಿದರೆ ತೋರಿಸಲು ಇದ್ದದ್ದು ನಿರುದ್ಯೋಗ ಭತ್ಯೆಯೊಂದೇ. ಅದೂ ಮುಗಿಯುತ್ತಾ ಬಂದಿತ್ತು. ಭತ್ಯೆ ನಿಂತರೆ ವೀಸಾ ಇಲ್ಲ, ವೀಸಾ ಇಲ್ಲದಿದ್ದರೆ ಈ ಊರೂ ಇಲ್ಲ...

ಹಾಗಾಗಿ ತಿಂಗಳಿಗೊಮ್ಮೆ ಆ ಮೇಜಿನ ಮುಂದೆ ಕೂರಲೇಬೇಕು. ಆ ಮುಖ ನೋಡಲೇಬೇಕು!

"ಇನ್ನೂ ಕೆಲಸ ಯಾಕೆ ಸಿಕ್ಕಿಲ್ಲ?" ಸುಗಿಯಾಮ ಕೇಳುತ್ತಿದ್ದ, ಒಸ್ಮಾರನ ಬಾಯಿ ಅದನ್ನೇ ಹೇಳುತ್ತಿತ್ತು. "ಜಪಾನಿ ಓದೋಕೆ ಬರಲ್ಲ ಅಂದ್ರೆ ಕಷ್ಟ." ಅದೂ ಅದೇ ಬಾಯಿಂದ. ಕೇಳಿದ್ದು ಸುಗಿಯಾಮ, ಕೋಪ ಮಾತ್ರ ಒಸ್ಮಾರನ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಲ್ಲ ಊರಲ್ಲೂ ಇದ್ದದ್ದೇ.

ಒಂದು ಸಲ ಆ ಬಾಯಿ ಹೀಗಂದಿತು: "ಊರಿಗೆ ವಾಪಸ್ ಹೋಗ್ತೀರಾ? ವಿಮಾನದ ಖರ್ಚು ಸರ್ಕಾರ ಕೊಡುತ್ತೆ."

ಇವೋನೆ ಎದ್ದು ಹೋದಳು. 'ನಮ್ಮವನೇ ನಮ್ಮನ್ನು ಓಡಿಸಲು ಕೂತಿದ್ದಾನಲ್ಲ... ಥೂ!'

ಆ ಭಾನುವಾರ ವಸತಿ ಸಮುಚ್ಚಯದ ಸಭಾಂಗಣದಲ್ಲಿ ವಿಮಾನದ ದುಡ್ಡಿನ ಬಗ್ಗೆ ಸಭೆ. ಮೈಕ್ ಹಿಡಿದವನು ಅದೇ ಸಮುಚ್ಚಯದಲ್ಲಿದ್ದ ಒಸ್ಮಾರ್.

"ಈ ದುಡ್ಡು ತಗೊಂಡು ಹೋದೋರು ಇದೇ ವೀಸಾದಲ್ಲಿ ಮತ್ತೆ ಬರೋ ಹಾಗಿಲ್ಲ. ಯೋಚ್ನೆ ಮಾಡಿ. ಇನ್ನೊಂದು ಮಾತು... ಕಂಪನಿಯೋರು ಎಷ್ಟೇ ಪುಸಲಾಯಿಸಿದ್ರೂ 'ನಾನಾಗೇ ಕೆಲ್ಸ ಬಿಟ್ಟೆ' ಅಂತ ಮಾತ್ರ ಒಪ್ಕೋಬೇಡಿ. ಅವರು ತೆಗೆದ್ರೆ ಭತ್ಯೆ ಬೇಗ ಬರುತ್ತೆ. ನೀವಾಗೇ ಬಿಟ್ರೆ ಮೂರು ತಿಂಗಳು ಬಿಡಿಗಾಸೂ ಇಲ್ಲ."

"ನಮಗೆ ಬುದ್ಧಿ ಹೇಳೋಕೆ ನೀನ್ಯಾರೋ?" ಹಿಂದಿನ ಸಾಲಿನಿಂದ ಇವೋನೆ ಎದ್ದಳು. "ಒಬ್ಬೊಬ್ಬರನ್ನ ವಿಮಾನ ಹತ್ತಿಸಿದ್ರೆ ನಿನಗೆಷ್ಟು ಕೊಡ್ತಾರೆ?"

ಜನ ನಕ್ಕರು. ಯಾರೋ ಸಿಳ್ಳೆ ಹೊಡೆದರು. ಒಸ್ಮಾರನ ಕಿವಿ ಕೆಂಪಾಯಿತು, ಕೈಯಲ್ಲಿದ್ದ ಹಾಳೆ ತಿರುವಿದ.

ಪಕ್ಕದ ಮನೆಯ ದೋನಾ ಝುಲೈದೆ ಅವಳ ತೋಳು ಹಿಡಿದು ಕೂರಿಸಿದಳು. "ಅವನು 'ಹೋಗ್ಬೇಡಿ' ಅಂತಾನೇ ಹೇಳ್ತಿರೋದು ಕಣೇ! ನಿನ್ನ ಸಿಟ್ಟಿಗೆ ಕಿವಿ ಇಲ್ವಾ?"

ಇರಲಿಲ್ಲ. ಸಿಟ್ಟು ಬಂದಾಗ ಇವೋನೆಗೆ ಬಾಯೊಂದೇ ಇರುತ್ತಿದ್ದದ್ದು.

ಭತ್ಯೆ ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ದಿನ ಬಂತು. ಮನಸ್ಸಿಟ್ಟು ಕೆಲಸ ಹುಡುಕುವವರಿಗೆ ಮಾತ್ರ ಸಿಗುವ ಮುಂದುವರಿಕೆ ಅದು.

"ಊಟದ ಡಬ್ಬಿ ತುಂಬೋ ಕಾರ್ಖಾನೆಯ ಕೆಲಸ ಬೇಡ ಅಂದ್ರಂತೆ. ಕಾರಣ?" ಒಸ್ಮಾರನ ಮೂಲಕ ಸುಗಿಯಾಮ ಕೇಳಿದ.

ಕಾರಣ ಇತ್ತು. ಅಲ್ಲಿನ ಮೇಲ್ವಿಚಾರಕ ಅವಳ ಚೀಲ ತಡಕಾಡಿ, "ನಿಮ್ಮ ಜನರ ಕೈ ಶುದ್ಧ ಇಲ್ಲ, ಮೊದಲೇ ಬಗ್ಗಿ ನಿಲ್ಲೋದು ಕಲಿ" ಅಂದಿದ್ದ. ಅವಳು ಏಪ್ರನ್ ಅವನ ಕಾಲ ಬಳಿ ಎಸೆದು ಬಂದಿದ್ದಳು. ಅದನ್ನು ಹೇಳಿಕೊಳ್ಳಲೂ ಅವಳಿಗೆ ನಾಚಿಕೆ.

"ಹೇಳು ಇವನಿಗೆ! ಉಪವಾಸ ಸಾಯ್ತೀನಿ, ಅಂಥೋರ ಮುಂದೆ ಬಗ್ಗಲ್ಲ. ನನಗೆ ಇವರ ಕೆಲ್ಸಾನೂ ಬೇಡ, ಭಿಕ್ಷೇನೂ ಬೇಡ. ಹತ್ತಿಸಲಿ ಆ ವಿಮಾನ! ಒಂದಕ್ಷರ ಬಿಡದೆ ಹೇಳು... ನೀನು ಬಿಡೋನಲ್ವಲ್ಲ!"

ಒಸ್ಮಾರ್ ಮೇಜಿನ ಮೇಲಿದ್ದ ಅವಳ ಅರ್ಜಿಯನ್ನೇ ನೋಡಿದ.

"ಹೇಳೋ!"

ಅವನು ಸುಗಿಯಾಮನ ಕಡೆ ತಿರುಗಿದ. ತುಂಬ ಹೊತ್ತು ಮಾತಾಡಿದ. ಅವಳು ಹೇಳದ ಮಾತುಗಳು ಅವಳ ಕಿವಿಗೆ ಬಿದ್ದವು... 'ರಾತ್ರಿ ಪಾಳಿ', 'ಬಸ್ಸಿಲ್ಲ', 'ಬೇರೆ ಕಡೆ ಹುಡುಕುತ್ತಿದ್ದೇನೆ', 'ದಯವಿಟ್ಟು'. ಕೊನೆಗೆ ಅವನು ಅವಳ ಪರವಾಗಿ ತಲೆ ಬಾಗಿಸಿದ.

ಸುಗಿಯಾಮ ಇಬ್ಬರನ್ನೂ ದಿಟ್ಟಿಸಿ ನೋಡಿ, ಮುದ್ರೆ ಒತ್ತಿದ.

ಹೊರಗಿನ ಮೆಟ್ಟಿಲ ಮೇಲೆ ಇವೋನೆ ಅವನನ್ನು ತಡೆದಳು.

"ನನ್ನ ಹೆಸ್ರಲ್ಲಿ ಸುಳ್ಳು ಹೇಳು ಅಂತ ಯಾರು ಕೇಳಿದ್ರು ನಿನ್ನ? ನನ್ನ ಬಾಯಲ್ಲಿ 'ದಯವಿಟ್ಟು' ಅನ್ನಿಸೋಕೆ ನಿನಗೆ ಎಷ್ಟು ಕೊಬ್ಬು?"

"ಸುಳ್ಳು ಹೇಳ್ದೆ. ನಿಜ." ಅವನ ದನಿ ಸೋತಿತ್ತು. "ಇಷ್ಟು ವರ್ಷದಲ್ಲಿ ಇದೇ ಮೊದಲು."

"ಯಾಕೆ?"

"ನೀವು ಆ ವಿಮಾನ ಹತ್ತಬಾರ್ದು."

"ಹತ್ತಿದ್ರೆ ನಿನಗೇನು?"

ಬೇರೆಯವರ ಮಾತೆಲ್ಲ ಸಲೀಸಾಗಿ ಹೇಳುವವನಿಗೆ ತನ್ನದೊಂದು ಮಾತು ಹೊರಡಲಿಲ್ಲ. ತಿರುಗಿ ಒಳಗೆ ಹೋದ.

ಮುಂದುವರಿದ ಭತ್ಯೆಯನ್ನು ತೋರಿಸಿದ್ದಕ್ಕೆ ಅವಳ ವೀಸಾ ನವೀಕರಣವಾಯಿತು! ಇವೋನೆ ಮನೆಗೆ ಬಂದು ಅತ್ತಳು, ನಕ್ಕಳು, ಮತ್ತೆ ಅತ್ತಳು. ಆಮೇಲೆ ಚೀಸ್ ಬನ್ನು ಬೇಯಿಸಿ ಡಬ್ಬಿಗೆ ತುಂಬಿಕೊಂಡಳು.

"ಯಾರಿಗೇ ಅದು?" ದೋನಾ ಝುಲೈದೆ ಕಣ್ಣು ಮಿಟುಕಿಸಿದಳು.

"ಯಾರಿಗೂ ಇಲ್ಲ. ಅವನಿಗೆ ಇನ್ನೊಂದಿಷ್ಟು ಬೈಯೋದು ಬಾಕಿ ಇದೆ."

"ಬೈಯೋಕೆ ಹೋಗೋಳು ತುಟಿಗೆ ಬಣ್ಣ ಯಾಕೆ ಹಚ್ಚಿದೀಯಾ?"

ಉದ್ಯೋಗ ಕಚೇರಿಯ ಆ ಕುರ್ಚಿಯಲ್ಲಿ ಯಾರೋ ಹೆಂಗಸು ಕೂತಿದ್ದಳು.

"ಒಸ್ಮಾರಾ? ಕೆಲ್ಸ ಬಿಟ್ರಲ್ಲ. ಯಾರೂ ತೆಗೀಲಿಲ್ಲಪ್ಪ, ಅವರಾಗೇ ಬಿಟ್ರು. ಒಂದ್ಸಲ ಸುಳ್ಳು ಹೇಳ್ದೋನು ಇಲ್ಲಿ ಕೂರಬಾರ್ದು ಅಂದ್ರಂತೆ. ಏನು ಸುಳ್ಳೋ, ಯಾರಿಗೋಸ್ಕರಾನೋ, ಬಾಯೇ ಬಿಡ್ಲಿಲ್ಲ."

ಇವೋನೆ ಡಬ್ಬಿಯನ್ನು ಚೀಲಕ್ಕೆ ತುರುಕಿದಳು. 'ದೇವರೇ... ನನ್ನಿಂದ!'

ಬಾಗಿಲ ಹೊರಗೆ ನಿಂತು ಫೋನ್ ತೆಗೆದಳು. ಒಂದು ಕರೆ ಮಾಡಿದಳು. ಮಾತು ಮುಗಿದ ಮೇಲೆ ಕಣ್ಣೊರೆಸಿಕೊಂಡು ಒಸ್ಮಾರನನ್ನು ಹುಡುಕಲು ಸೈಕಲ್ ಹತ್ತಿದಳು.

ಊರು ಬಿಡುವವರು ಮನೆ ಸಾಮಾನು ಮಾರುವುದು ವಸತಿ ಸಮುಚ್ಚಯದ ಕಾರು ನಿಲ್ಲಿಸುವ ಜಾಗದಲ್ಲಿ. ಆ ವರ್ಷ ಅಲ್ಲಿ ದಿನವೂ ಸಂತೆ. ಹಳೇ ಟೀವಿ, ಹಾಸಿಗೆಗಳ ಸಾಲಿನ ತುದಿಯಲ್ಲಿ ಅವನು ಮೇಜೊಂದರ ಹಿಂದೆ ಕೂತಿದ್ದ.

"ಏನಿದು?"

ಒಸ್ಮಾರ್ ಬೆಚ್ಚಿ ಎದ್ದ. "ವೀಸಾ ಮುಗೀತಾ ಬಂತು. ತೋರಿಸೋಕೆ ಆದಾಯ ಇಲ್ಲ. ಅಣ್ಣ ಇದ್ದಾನೆ ಬ್ರೆಜಿಲ್‌ನಲ್ಲಿ..."

"ಭತ್ಯೆ?"

ಅವನು ಮೇಜಿನ ಮೇಲಿದ್ದ ರೈಸ್ ಕುಕ್ಕರ್ ಒರೆಸತೊಡಗಿದ.

"ನೀನಾಗೇ ಬಿಟ್ಟೆ ಅಲ್ವಾ! ಮೂರು ತಿಂಗಳು ಬಿಡಿಗಾಸಿಲ್ಲ! ಮೈಕ್ ಹಿಡಿದು ಊರಿಗೆಲ್ಲ ಹೇಳ್ದೋನು ನೀನೇ ತಾನೆ? ದೀಪದ ಬುಡದಲ್ಲೇ ಕತ್ತಲು ಅಂದ್ರೆ ಇದೇ! ಕತ್ತೆ... ಕತ್ತೆ ನೀನು!"

ಬೈಯುತ್ತ ಬೈಯುತ್ತಲೇ ಅವಳು ಬನ್ನಿನ ಡಬ್ಬಿಯನ್ನು ಅವನ ಮುಂದೆ ಕುಕ್ಕಿದಳು. "ನಂಗೋಸ್ಕರ ಯಾಕೋ ಹೀಗ್ ಮಾಡ್ಕೊಂಡೆ?"

"ಮೊದಲ ದಿನ ನೀವು ಸುಗಿಯಾಮನ್ನ ಬೈದ್ರಲ್ಲ... ಅಲ್ಲಿ ಎಲ್ಲರೂ ತಲೆ ತಗ್ಗಿಸಿ ಬರೋರು. ನೀವೊಬ್ರೇ ತಲೆ ಎತ್ತಿ ಬಂದ್ರಿ. ತಿಂಗಳು ಪೂರ್ತಿ ನಿಮ್ಮ ಸರದಿಗೆ ಕಾಯ್ತಿದ್ದೆ, ಇವೋನೆ. ನೀವು ಹೋಗ್ಬಿಟ್ರೆ..." ಅವನ ಕಣ್ಣು ತುಂಬಿತು. "ನಿಮ್ಮನ್ನ ಪ್ರೀತಿಸ್ತೀನಿ. ಇದು ಯಾರೂ ಹೇಳು ಅಂದಿದ್ದಲ್ಲ."

ಇವೋನೆ ಉಸಿರು ಎಳೆದುಕೊಂಡಳು.

"ಊಟದ ಡಬ್ಬಿ ಕಾರ್ಖಾನೆಗೆ ಫೋನ್ ಮಾಡಿ ಬಂದೆ ಈಗ. ಸೋಮವಾರದಿಂದ ಕೆಲ್ಸ. ಕ್ಷಮೆ ಕೇಳ್ದೆ ಆ ಮೇಲ್ವಿಚಾರಕನ್ನ."

"ನೀವಾ? ಅವನ ಹತ್ರಾನಾ? ಬೇಡ! ನೀವು ಬಗ್ಗೋದನ್ನ ನಾನು ನೋಡಲಾರೆ!"

"ನನ್ನ ಹೊಟ್ಟೆಗೋಸ್ಕರ ಬಗ್ಗಲಿಲ್ಲ. ಇದು ನಿನ್ನ ಹೊಟ್ಟೆಗೆ. ಮೂರು ತಿಂಗಳು ನಾನು ತಂದಿದ್ದು ತಿನ್ನು, ಕೆಲ್ಸ ಹುಡುಕು, ವೀಸಾ ಮಾಡಿಸ್ಕೋ. ಸಿಗದಿದ್ರೆ ಇಬ್ರೂ ಸೇರಿ ಇನ್ನೊಂದು ದಾರಿ ನೋಡೋಣ."

ಅಷ್ಟರಲ್ಲಿ ಒಬ್ಬ ಮೇಜಿನ ಮುಂದೆ ಬಗ್ಗಿದ. "ಈ ರೈಸ್ ಕುಕ್ಕರ್ ಎಷ್ಟು?"

"ಕೊಡೋದಿಲ್ಲಪ್ಪ," ಇವೋನೆ ಅದನ್ನು ಎಳೆದು ಎದೆಗೆ ಅಪ್ಪಿಕೊಂಡಳು. "ಇವತ್ತು ಇದ್ರಲ್ಲಿ ಅನ್ನ ಆಗ್ಬೇಕು."

ಅವನು ಗೊಣಗುತ್ತ ಮುಂದೆ ಹೋದ. ಒಸ್ಮಾರ್ ಕಣ್ಣೊರೆಸಿಕೊಂಡು ನಕ್ಕ. ಅವನು ನಗುವುದನ್ನು ಅವಳು ನೋಡಿದ್ದು ಇದೇ ಮೊದಲು.

"ಏನ್ ನಗ್ತೀಯ? ಮೇಜಿನ ಆ ತುದಿ ಹಿಡಿ, ಒಳಗೆ ಸಾಗಿಸೋಣ."

"ಹಿಡೀತೀನಿ. ಮೊದಲು ನಿನ್ನ ಬಾಯಿಂದ ಒಂದ್ಸಲ ಕೇಳ್ಬೇಕು."

"ಏನನ್ನ?"

"ನೀನು ಇಷ್ಟೆಲ್ಲ ಹೇಳ್ದೆ, ಅದೊಂದೇ ಬಿಟ್ಟೆ."

ಇವೋನೆ ಸುತ್ತ ನೋಡಿದಳು. ಅರ್ಧ ಊರೇ ಅಲ್ಲಿ ಸಾಮಾನು ಕೊಳ್ಳುತ್ತಿತ್ತು. ನೋಡಿದರೆ ನೋಡಲಿ! ಕುಕ್ಕರ್ ಕೆಳಗಿಟ್ಟು ಅವನ ಎರಡೂ ಕೈ ಹಿಡಿದಳು.

"ಹೋಗ್ಬೇಡ, ಒಸ್ಮಾರ್."