ಮಜ್ಜಿಗೆ ಮಡಕೆಯ ಮೂರು ನಕ್ಷತ್ರ

ತಾನು ಮೆಚ್ಚಿದ ಶಾಂತರಾಜು ಇನ್ನಿಲ್ಲವೆಂಬ ಸುದ್ದಿ ಬಂದಾಗ ಮಾದೇವಿ ತೆರಕಣಾಂಬಿಯ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಳು. ಗುಂಡ್ಲುಪೇಟೆಯ ಕಾಲೇಜಿಗೆ ಹೊರಟಿದ್ದವನ ಬೈಕಿಗೆ ಲಾರಿ ತಗುಲಿತ್ತು. ಬರಬೇಡವೆಂದು ಅವನ ಮನೆಯವರು ಫೋನಿನಲ್ಲೇ ಹೇಳಿದರು. ಅವಳು ಬೇರೆ ಜಾತಿ. ಮದುವೆಯೂ ಇನ್ನೂ ಆಗಿರಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು ಅವಳು ಅವನ ಊರಾದ ಚಂದಕವಾಡಿಯ ಕಡೆ ಬಸ್ಸು ಹತ್ತಿದಳು.

ಅವನು ತನ್ನನ್ನು ಮೊದಲ ಸಲ ಮನೆಗೆ ಕರೆದೊಯ್ದ ಬೆಳಗು ಕಣ್ಣಿಗೆ ಕಟ್ಟಿತು.

ಅವನ ತಾಯಿ ಚಿಕ್ಕಮಲ್ಲಮ್ಮ ಮುಖ ಕೊಡದೆ ಮಜ್ಜಿಗೆ ಕಡೆಯುತ್ತಿದ್ದರು. ಭೌತಶಾಸ್ತ್ರದ ಮೇಷ್ಟ್ರಲ್ಲವೇ, ಶಾಂತರಾಜು ಮಡಕೆಯ ಪಕ್ಕ ಕುಕ್ಕರಿಸಿ ನಕ್ಷತ್ರದ ಮಾತು ತೆಗೆದ. ಆಕಾಶದಲ್ಲಿ ತಣ್ಣನೆಯ ಅನಿಲದ ಮೋಡ ತನ್ನ ಭಾರಕ್ಕೇ ಒಳಗೊಳಗೆ ಕುಸಿಯುತ್ತದೆ. ಕುಗ್ಗಿದಷ್ಟೂ ಜೋರಾಗಿ ತಿರುಗಿ ತುಂಡಾಗುತ್ತದೆ. ಆ ತುಂಡುಗಳು ನಕ್ಷತ್ರಗಳಾಗಿ ಒಂದನ್ನೊಂದು ಬಿಡದೆ ಸುತ್ತುತ್ತವೆ ಎಂದ. ಮಡಕೆಯಲ್ಲಿ ಬೆಣ್ಣೆಯ ಎರಡು ಮುದ್ದೆಗಳು ಜೊತೆಯಾಗಿ ಸುತ್ತುತ್ತಿದ್ದವು. ಅವನ ನೋಟ ಮಾತ್ರ ಬೆಣ್ಣೆಯ ಮೇಲಿರಲಿಲ್ಲ. ಮಾದೇವಿ ನಾಚಿ ಬಾಗಿಲ ಕಡೆ ತಿರುಗಿದಳು. ಅವನ ಕಣ್ಣು ಅಲ್ಲಿಗೂ ಬಂತು.

ಅಂಚಿನಲ್ಲಿ ಇನ್ನೊಂದು ಮುದ್ದೆ ಒಂಟಿಯಾಗಿ ತೇಲುತ್ತಿತ್ತು. "ಅಂಗಾರೆ ಆ ಮೂರ್ನೇದು?" ಚಿಕ್ಕಮಲ್ಲಮ್ಮ ತಡೆಯಲಾರದೆ ಕೇಳಿದರು.

"ಅದು ನೀನು ಕಣವ್ವ. ಎಷ್ಟೋ ಕಡೆ ಮೂರಿರ್ತವೆ. ಮೂರ್ನೇದು ದೂರ್ದಲ್ಲಿ ಮೊಕ ಊದುಸ್ಕೊಂಡು ಸುತ್ತುತ್ತೆ. ಆದ್ರೆ ಬುಟ್ಟೋಗಕಿಲ್ಲ."

ಮುದುಕಿ ನಗು ಮುಚ್ಚಲು ಕಡೆಗೋಲನ್ನು ಬಿರುಸಾಗಿ ತಿರುಗಿಸಿದರು. ಮದುವೆಗೆ ಮಾತ್ರ ಹೂಂ ಅನ್ನಲಿಲ್ಲ. ಹೊರಡುವಾಗ ಒಂದು ಲೋಟ ಮಜ್ಜಿಗೆಯನ್ನೇನೋ ಕೊಟ್ಟರು.

ಮಾದೇವಿ ತಲುಪುವಾಗ ಹೊಲದಲ್ಲಿ ಗುಂಡಿ ತೆಗೆದಾಗಿತ್ತು. ಒಡಲು ಇಳಿಸಿದ ಮೇಲೆ ಮೊದಲ ಹಿಡಿಮಣ್ಣು ಮನೆಯವರದ್ದೇ ಆಗಬೇಕು. ಅವನಿಗೆ ಇಷ್ಟವೆಂದು ಬೆಳಿಗ್ಗೆ ಮುಡಿದ ಮಲ್ಲಿಗೆಯನ್ನು ತೆಗೆಯದೆಯೇ ಅವಳು ಮುಂದೆ ಬಂದಳು. ಚಿಕ್ಕಮಲ್ಲಮ್ಮನ ತಮ್ಮ ಮೂಗಯ್ಯ ಅಡ್ಡ ನಿಂತ.

"ನೀನ್ ಯಾರಾಗ್ಬೇಕಮ್ಮಿ ಅವನ್ಗೆ? ತಾಳಿ ಇಲ್ಲ, ಏನಿಲ್ಲ. ಆಚೆ ನಿಂತ್ಕೊ."

"ಅವ್ರು ಬದುಕಿದ್ದಾಗ್ಲೇ ನಾನು ಆಚೆ ನಿಲ್ಲಿಲ್ಲ. ಈಗ ನಿಲ್ತೀನಾ? ಮಣ್ಣಾಕ್ದೆ ಓಗಕಿಲ್ಲ."

ಬಾಗಿ ಮಣ್ಣು ತೆಗೆದುಕೊಂಡಳು. ಮೂಗಯ್ಯ ಮಣಿಕಟ್ಟು ಹಿಡಿದ. ಬಳೆ ಒಡೆಯಿತು, ಮುಷ್ಟಿ ಬಿಚ್ಚಲಿಲ್ಲ.

ಚಿಕ್ಕಮಲ್ಲಮ್ಮ ಎದ್ದು ಬಂದರು. "ಬುಡ್ಲಾ ಮೂಗಯ್ಯ. ಮೂರಿದ್ವು ಅಂತ ನನ್ ಮಗನೇ ಯೋಳಿದ್ದ. ಒಂದು ಓಯ್ತು. ಉಳ್ದೆರಡ್ನ ನೀನು ಬ್ಯಾರೆ ಮಾಡ್ಬ್ಯಾಡ."

ಮೂಗಯ್ಯ ಕೈ ಬಿಟ್ಟ. ಮುದುಕಿ ಆ ಮುಷ್ಟಿಗೆ ತಮ್ಮ ಕೈ ಸೇರಿಸಿದರು. ಇಬ್ಬರ ಬೆರಳ ಸಂದಿಯಿಂದ ಒಂದೇ ಹಿಡಿ ಮಣ್ಣು ಅವನ ಎದೆಯ ಮೇಲೆ ಇಳಿಯಿತು. ಮುಡಿದ ಹೂವನ್ನು ಹಾಗೇ ಉಳಿಸಿಕೊಂಡು ಮಾದೇವಿ ಕಣ್ಣು ಮುಚ್ಚಿ ಬೇಡಿಕೊಂಡಳು.

ಮಲೆಯ ಮಾದಪ್ಪಾ, ನಗುನಗುತ್ತ ಬದುಕಿದ ಜೀವ ಇದು. ನಿನ್ನ ಪಾದದ ನೆರಳಲ್ಲಿ ತಣ್ಣಗಿರಲಿ.